ಸೊನ್ನೆಯ ಮರೆಯಲ್ಲಿ ಫಣಿಯಮ್ಮ

ಹೋದ ವರ್ಷ ಕಾರ್ತೀಕದಲ್ಲಿ ನಮ್ಮ ಚಿಕ್ಕಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು, ಆರೈಕೆಗೆಂದು ಬಿಳಿಗೆರೆಯ ನಮ್ಮ ಮನೆಗೆ ಬಂದು ಉಳಿದಿದ್ದರು. ಕಪ್ಪು ಕನ್ನಡಕ ಕಳಚಿದ ದಿನ ಅವರು ಕೇಳಿದ್ದು ಟೀವಿಯನ್ನಲ್ಲ, ಪುಸ್ತಕವನ್ನು.

"ಇಂದಿರಮ್ಮಂದು ಒಂದು ಕತೆ ಇತ್ತಲ್ಲೇ, ಚಿಕ್ಕ ಹುಡುಗೀಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು ನೂರು ವರ್ಷ ಬದುಕಿದ ಅಜ್ಜೀದು. ಅದನ್ನ ತಂದುಕೊಡು. ಇನ್ನೊಂದು ಸಲ ಓದಬೇಕು."

'ಫಣಿಯಮ್ಮ' ತಾನೇ ಎಂದೆ. ಹೌದೆಂದರು. ಆಮೇಲೆ ಒಂದು ಕ್ಷಣ ಬಿಟ್ಟು, "ನಾನೇ ಕೊಟ್ಟಿದ್ದು ಅದು, ಲೈಬ್ರರಿಗೆ" ಎಂದರು.

ಆ ಮಾತು ನನಗೆ ಮರೆತೇಹೋಗಿತ್ತು. 1988ರಲ್ಲಿ ನಮ್ಮ ಸುತ್ತಿನ ಒಂದು ಊರಿನಲ್ಲಿ ನಾಲ್ಕು ಜನ ಉತ್ಸಾಹಿಗಳು ಸೇರಿ ಗ್ರಂಥಾಲಯ ತೆರೆದಾಗ ಚಿಕ್ಕಮ್ಮ ಮೂವತ್ತೇಳು ಪುಸ್ತಕ ಕೊಟ್ಟಿದ್ದರು. ಊರಿನ ಹೆಸರೂ ಗ್ರಂಥಾಲಯದ ಹೆಸರೂ ಇಲ್ಲಿ ಬೇಡ. ಹೇಳಲಿರುವ ತಪ್ಪು ಎಲ್ಲಿ ಬೇಕಾದರೂ ಆಗುವಂಥದು, ನನ್ನ ಕೈಯಲ್ಲೂ ಆಗಿದೆ. ಆ ಮೂವತ್ತೇಳೂ ಬೆಣ್ಣೆ ಮಾರಿದ ದುಡ್ಡಿನಲ್ಲಿ, ಗರಿ ಸೀಳಿ ಕಡ್ಡಿ ಪೊರಕೆ ಕಟ್ಟಿ ಮಾರಿದ ದುಡ್ಡಿನಲ್ಲಿ ಕೊಂಡಂಥವು. ತೆಂಗಿನ ಸೀಮೆಯ ಹೆಂಗಸರಿಗೆ ಗೊತ್ತು: ಕಾಯಿ ಗಂಡಸಿನದು, ಅಟ್ಟದಲ್ಲಿ ವರ್ಷಗಟ್ಟಲೆ ಕೂತು ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುವ ಲೆಕ್ಕವೂ ಗಂಡಸಿನದು. ಗರಿ, ಕಡ್ಡಿ, ಮಜ್ಜಿಗೆ ಕಡೆದು ಉಳಿದ ಬೆಣ್ಣೆ, ಇವಿಷ್ಟು ಮಾತ್ರ ಹೆಂಗಸಿನದು.

ಭಾನುವಾರ ಬಸ್ಸು ಹತ್ತಿ ಆ ಗ್ರಂಥಾಲಯಕ್ಕೆ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. "ಬನ್ನಿ ಮಿಸ್" ಎಂದು ಎದ್ದು ನಿಂತಳು. ವಿಷಯ ಹೇಳಿದೆ. "ಈಗೇನು ಮಿಸ್, ಎರಡೇ ನಿಮಿಷ, ಎಲ್ಲಾ ಸಿಸ್ಟಂನಲ್ಲಿದೆ" ಎಂದು 'ಫಣಿಯಮ್ಮ' ಎಂದು ಹೊಡೆದಳು. ಇಲ್ಲ. 'ಇಂದಿರಾ' ಎಂದು ಹೊಡೆದಳು. ಅದೂ ಇಲ್ಲ. ಅಂಥ ಪುಸ್ತಕವೂ ಇಲ್ಲ, ಅಂಥ ಲೇಖಕಿಯೂ ಇಲ್ಲ ಎಂದಿತು ಯಂತ್ರ. ಎಂ.ಕೆ.ಇಂದಿರಾ ಇಲ್ಲದ ಕನ್ನಡ ಗ್ರಂಥಾಲಯವೇ! ಹುಡುಗಿ ಮುಖ ಸಪ್ಪಗೆ ಮಾಡಿಕೊಂಡು, "ಯಾರೋ ತಗೊಂಡು ಹೋಗಿ ವಾಪಸ್ ಕೊಟ್ಟಿಲ್ವೇನೋ ಮಿಸ್" ಎಂದಳು.

ನಾನು ಬರಿಗೈಲಿ ಬಂದೆ. ಚಿಕ್ಕಮ್ಮ ಏನೂ ಅನ್ನಲಿಲ್ಲ. "ಹೋಗಲಿ ಬಿಡು, ಹಳೇ ಪುಸ್ತಕ" ಎಂದು ಮಗ್ಗುಲಾದರು. ಅವರು ಗೋಡೆಯ ಕಡೆ ಮುಖ ಮಾಡಿಕೊಂಡದ್ದು ನನಗೆ ಹಿಡಿಸಲಿಲ್ಲ.

ಪುಸ್ತಕ ಇರುವುದು ಬೇರೆ, ಸಿಗುವುದು ಬೇರೆ. ಇದು ನನಗೆ ಅರ್ಥವಾದದ್ದು ತಡವಾಗಿ. ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳೆಂದು ಗ್ರಂಥಾಲಯದ ಬೀಗದ ಕೈಯನ್ನೂ ನನ್ನ ಕೊರಳಿಗೇ ಕಟ್ಟಿದ್ದರು. ಗ್ರಂಥಾಲಯವೆಂದರೆ ಎರಡು ಕಬ್ಬಿಣದ ಬೀರು, ಒಂದು ಉದ್ದನೆಯ ದಾಸ್ತಾನು ಪುಸ್ತಕ. ಪುಸ್ತಕ ಕಳೆದರೆ ಚಾರ್ಜು ವಹಿಸಿಕೊಂಡವರ ಸಂಬಳದಲ್ಲಿ ಹಿಡಿಯುತ್ತಾರೆ ಎಂದು ಹಿರಿಯರೊಬ್ಬರು ಮೊದಲ ದಿನವೇ ಹೆದರಿಸಿದ್ದರು. ಅದಕ್ಕೇ ನಾನು ಬೀಗ ತೆಗೆಯುತ್ತಲೇ ಇರಲಿಲ್ಲ. ವರ್ಷಕ್ಕೊಮ್ಮೆ ತಪಾಸಣೆಗೆ ಬಂದವರ ಮುಂದೆ ಎಣಿಸಿ ಒಪ್ಪಿಸಿ, 'ಸರಿಯಾಗಿದೆ' ಎಂದು ಬರೆಸಿಕೊಂಡು, ನುಸಿಗುಳಿಗೆ ಹಾಕಿ ಮುಚ್ಚಿಬಿಡುತ್ತಿದ್ದೆ. ಎಷ್ಟು ಮಕ್ಕಳ ಓದಿನ ವಯಸ್ಸು ಆ ಬೀಗದ ಹಿಂದೆ ಕಳೆದುಹೋಯಿತೋ, ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ದಾಸ್ತಾನು ಪುಸ್ತಕ ಕಳ್ಳನನ್ನು ಹಿಡಿಯಲು ಇರುವುದು. ಗ್ರಂಥಸೂಚಿ ಹುಡುಕಿಕೊಂಡು ಬಂದವರಿಗೆ ದಾರಿ ತೋರಲು ಇರುವುದು. ಈ ವ್ಯತ್ಯಾಸವನ್ನು ನನಗೆ ಯಾರೂ ಕಲಿಸಿರಲಿಲ್ಲ.

ಕಲಿಸಬಹುದಾಗಿದ್ದವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ನಾನು ಕೂಸಾಗಿದ್ದ ಕಾಲಕ್ಕೆ ಎಸ್.ಆರ್.ರಂಗನಾಥನ್ ಅವರು ಮಲ್ಲೇಶ್ವರದಲ್ಲಿ ಬದುಕಿದ್ದರು. 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದ ಈತ ಗಣಿತದ ಮೇಷ್ಟರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯ ಇವರನ್ನು ತನ್ನ ಮೊದಲ ಗ್ರಂಥಪಾಲಕರನ್ನಾಗಿ ನೇಮಿಸಿಕೊಂಡಿತು. ಸೇರಿದ ಕೆಲವೇ ದಿನಗಳಲ್ಲಿ ಆ ನಿಶ್ಶಬ್ದ ಕೋಣೆಯಲ್ಲಿ ಒಬ್ಬರೇ ಕೂತು ಬೇಸತ್ತು, ನನ್ನನ್ನು ಮತ್ತೆ ಪಾಠಕ್ಕೇ ಹಾಕಿ ಎಂದು ಹಳೆಯ ಕಾಲೇಜಿಗೆ ಓಡಿ ಹೋದರಂತೆ. ಮೊದಲು ಲಂಡನ್ನಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂದು ಸಮಾಧಾನ ಮಾಡಿ ಕಳಿಸಿದರಂತೆ. ನನಗೆ ಈ ಪ್ರಸಂಗ ಬಹಳ ಇಷ್ಟ. ಬೀಗದ ಕೈ ಬೇಡವೆಂದು ಅತ್ತವಳು ನಾನೊಬ್ಬಳೇ ಅಲ್ಲ ಎಂಬ ಧೈರ್ಯ ಬರುತ್ತದೆ.

ಲಂಡನ್ನಿನಲ್ಲಿ ಅವರು ಊರೂರಿನ ಗ್ರಂಥಾಲಯ ಸುತ್ತಿದರು. ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಮಕ್ಕಳ ಮೆಕ್ಯಾನೋ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ತಿರುಪುಗಳಿಂದ ಒಮ್ಮೆ ಸೇತುವೆ, ಒಮ್ಮೆ ಗಾಡಿ. ವಿಷಯಗಳನ್ನೂ ಹೀಗೆ ಬಿಡಿಬಿಡಿ ಮಾಡಿ ಜೋಡಿಸಬಹುದಲ್ಲ ಎಂದು ಹೊಳೆಯಿತು. ಅದರಿಂದ ಹುಟ್ಟಿದ್ದು 1933ರ ಕೋಲನ್ ವರ್ಗೀಕರಣ. ಅದಕ್ಕೂ ಮೊದಲು, 1876ರಲ್ಲಿ, ಅಮೆರಿಕದ ಮೆಲ್ವಿಲ್ ಡ್ಯೂಯಿ ಜಗತ್ತಿನ ಜ್ಞಾನವನ್ನೆಲ್ಲ ಹತ್ತು ಗೂಡುಗಳಿಗೆ ಹಂಚಿದ್ದ. ಕಪಾಟಿನ ಪುಸ್ತಕದ ಬೆನ್ನಿಗೆ ಅಂಟಿಸಿರುವ ಚೀಟಿ ನೋಡಿದ್ದೀರಲ್ಲ, ಹೆಚ್ಚಿನ ಕಡೆ ಅದು ಡ್ಯೂಯಿಯ ಲೆಕ್ಕವೇ. ಕನ್ನಡ ಸಾಹಿತ್ಯಕ್ಕೆ ಅದರಲ್ಲಿ 894.814. ಅಡುಗೆಗೆ 641.5. ಧರ್ಮಕ್ಕೆಂದು ಇಟ್ಟ ಇನ್ನೂರರ ಸಾಲಿನಲ್ಲಿ ಬಹುಪಾಲು ಕ್ರೈಸ್ತ ಧರ್ಮಕ್ಕೆ ಹೋಗಿ, ಹಿಂದೂ ಧರ್ಮಕ್ಕೆ 294.5 ಎಂಬ ಮೂಲೆ ದಕ್ಕಿತು. ಗೂಡು ಕಟ್ಟುವವನ ಮನೆ ಯಾವ ಕಡೆಗೋ ಬಾಗಿಲೂ ಆ ಕಡೆಗೇ.

ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. ಪುಸ್ತಕಗಳಿರುವುದು ಉಪಯೋಗಕ್ಕೆ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಹೊತ್ತು ಉಳಿಸಬೇಕು, ಗ್ರಂಥಾಲಯ ಬೆಳೆಯುತ್ತಿರುವ ಜೀವ ಎನ್ನುವುದು ಅವುಗಳ ತಾತ್ಪರ್ಯ. ಮೂರನೆಯದು ನನ್ನನ್ನು ಕಾಡಿದ್ದು. ಓದುಗಳಿಗೆ ಪುಸ್ತಕ ಬೇಕಿರುವಂತೆ ಪುಸ್ತಕಕ್ಕೂ ಓದುಗಳು ಬೇಕು! 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಅವರು, 1962ರಲ್ಲಿ ಅಲ್ಲಿ ಗ್ರಂಥಸೂಚಿ ಕೆಲಸ ಕಲಿಸುವ ಕೇಂದ್ರವೊಂದನ್ನು ಕಟ್ಟಿದರು. ಹೆಂಡತಿ ಶಾರದಾ ಅವರ ಹೆಸರಿನಲ್ಲಿ ದತ್ತಿ ಇಟ್ಟು ತಮ್ಮ ಪುಸ್ತಕಗಳ ಗೌರವಧನವನ್ನೆಲ್ಲ ಅದಕ್ಕೆ ಬಿಟ್ಟರು. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ನಮ್ಮ ಸರ್ಕಾರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿದ್ದು 1965ರಲ್ಲಿ, ಆಗಿನ್ನೂ ಮೈಸೂರು ರಾಜ್ಯ. ಪಟ್ಟಣದಲ್ಲಿರುವ ಸೋದರಿಯರು ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಒಂದು ಸಾಲು ಇರುತ್ತದೆ. ಒಂದು ರೂಪಾಯಿ ತೆರಿಗೆಗೆ ಆರು ಪೈಸೆಯ ಲೆಕ್ಕ. ದುಡ್ಡು ಕೊಡುತ್ತಿರುವವರು ನೀವು, ಹೋಗಿ ಕೇಳಲು ಸಂಕೋಚವೇಕೆ?

ಅದಕ್ಕೂ ಹಿಂದಿನದೊಂದು ಕತೆ ಹೇಳಿಬಿಡುತ್ತೇನೆ. 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಯಿತು. ಅಲ್ಲಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಕಟ್ಟಿಗೊಂದು ನಂಬರು ಹಾಕಿ ಒಳಗಿಟ್ಟಿದ್ದರೆ ಯಾರೂ ಬೈಯುತ್ತಿರಲಿಲ್ಲ. ಗ್ರಂಥಪಾಲಕರಾಗಿದ್ದ ಆರ್.ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಹೆಸರು ಮಾತ್ರ ಕೇಳಿಬರುತ್ತಿದ್ದ, ಕಳೆದೇಹೋಯಿತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1905ರಲ್ಲಿ ಲೋಕಕ್ಕೆ ತಿಳಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಸೂಚಿ ಬರೆಯುವವರು ಪುಸ್ತಕದ ಒಳಪುಟ ತೆರೆಯಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಇರಲಿ, ಫಣಿಯಮ್ಮನಿಗೆ ಬರೋಣ. ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ಕಂಪ್ಯೂಟರನ್ನು ಕೇಳಲಿಲ್ಲ, ಗ್ರಂಥಾಲಯದ ಮೊಟ್ಟಮೊದಲ ದಾಸ್ತಾನು ಪುಸ್ತಕ ಕೊಡು ಎಂದೆ. ಮೇಲಿನ ಹಲಗೆಯಿಂದ ಧೂಳು ಕೊಡವಿ ಕೊಟ್ಟಳು. 1988ರ ಪುಟಗಳಲ್ಲಿ ಬೆರಳಿಟ್ಟು ಹುಡುಕಿದೆ. ಇತ್ತು: ಫಣಿಯಮ್ಮ, ಎಂ.ಕೆ.ಇಂದಿರಾ, ಪಕ್ಕದಲ್ಲಿ ಕ್ರಮಸಂಖ್ಯೆ. ಆ ಸಂಖ್ಯೆಯನ್ನು ಹೊಡೆಸಿದೆ. ಪರದೆಯ ಮೇಲೆ ಪುಸ್ತಕ ಬಂದೇ ಬಂತು! 'ಪಣಿಯಮ್ಮ' ಎಂದಿತ್ತು. ಕಂಪ್ಯೂಟರಿಗೆ ತುಂಬಿದವರು ಆಡುವಂತೆಯೇ ಬರೆದಿದ್ದರು, ಹೊಟ್ಟೆ ಸೀಳಿರಲಿಲ್ಲ. ಸರಿ, ಹೆಸರಿನ ಕತೆ ಗೊತ್ತಾಯಿತು. ಆದರೆ ಲೇಖಕಿಯ ಹೆಸರು ಕಣ್ಣಿಗೆ ಸರಿಯಾಗಿಯೇ ಇದೆ. ಮತ್ತೇಕೆ ಸಿಗಲಿಲ್ಲ?

ಇಬ್ಬರೂ ಅರ್ಧ ಗಂಟೆ ತಲೆ ಕೆರೆದುಕೊಂಡೆವು. ಕೊನೆಗೆ ಹುಡುಗಿ ಆ ಹೆಸರನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಅಳಿಸುತ್ತ ಬಂದಳು. 'ಇ' ಪಕ್ಕದಲ್ಲಿದ್ದ ಸೊನ್ನೆಯ ಹತ್ತಿರ ನಿಂತು, "ಮಿಸ್, ಇದು ಅಕ್ಷರ ಅಲ್ಲ, ಲೆಕ್ಕದ ಸೊನ್ನೆ!" ಎಂದು ಕಿರುಚಿದಳು.

ನೀವು ನಗಬಹುದು. ಅನುಸ್ವಾರವನ್ನೂ ನಾವು ಸೊನ್ನೆ ಎಂದೇ ಅನ್ನುತ್ತೇವೆ, ಅಂಕಿಯನ್ನೂ ಸೊನ್ನೆ ಎಂದೇ ಅನ್ನುತ್ತೇವೆ. ಎರಡೂ ದುಂಡಗೆ, ಕಣ್ಣಿಗೆ ಅವಳಿ ಮಕ್ಕಳು. ಆದರೆ ಕಂಪ್ಯೂಟರಿನ ಒಳಗೆ ಎರಡಕ್ಕೂ ಬೇರೆ ಬೇರೆ ಸಂಕೇತ. ಮೊದಲ ಕೆಲವು ನೂರು ಪುಸ್ತಕಗಳನ್ನು ತುಂಬಿದ ಪುಣ್ಯಾತ್ಮರು ಅನುಸ್ವಾರ ಬರುವಲ್ಲೆಲ್ಲ ಅಂಕಿಯ ಸೊನ್ನೆ ಒತ್ತಿದ್ದರು. 'ಇ೦ದಿರಾ' ಎಂದು ಅವರು ಬರೆದದ್ದೂ 'ಇಂದಿರಾ' ಎಂದು ನಾವು ಹುಡುಕಿದ್ದೂ ನಿಮ್ಮ ಕಣ್ಣಿಗೆ, ನನ್ನ ಕಣ್ಣಿಗೆ ಒಂದೇ. ಯಂತ್ರಕ್ಕೆ ಅವರಿಬ್ಬರು ಅಕ್ಕತಂಗಿಯರೂ ಅಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಬೇಟೆ. ಅಂಕಿಯ ಸೊನ್ನೆ ಹಾಕಿ ಹುಡುಕಿದಳು: ಕುವೆಂಪು ಸಿಕ್ಕರು, ಬೇಂದ್ರೆ ಸಿಕ್ಕರು, ಕಾರಂತ, ಅನಂತಮೂರ್ತಿ, ಕಂಬಾರ ಸಿಕ್ಕರು. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಐದು ಒಂದು ಸೊನ್ನೆಯ ಹಿಂದೆ ಅಡಗಿ ಕೂತಿದ್ದವು! ಗೋಕಾಕ, ಕಾರ್ನಾಡರ ಹೆಸರಿನಲ್ಲಿ ಸೊನ್ನೆ ಇಲ್ಲವಾದ್ದರಿಂದ ಪಾರಾಗಿದ್ದರು. ಮಾಸ್ತಿ ಎಂದಷ್ಟೇ ಹೊಡೆದರೆ ಅವರೂ ಪಾರು, ವೆಂಕಟೇಶ ಅಯ್ಯಂಗಾರ್ ಎಂದರೆ ಎರಡು ಸೊನ್ನೆ. 'ಕಾದಂಬರಿ' ಎಂಬ ವಿಭಾಗವೇ ಎರಡಾಗಿ ಒಡೆದಿತ್ತು. ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲವೇ ಎಂದರೆ, ನಮ್ಮ ಜನ ಹುಡುಕಲು ಯಂತ್ರದ ಹತ್ತಿರ ಹೋಗುವುದಿಲ್ಲ, ಕಪಾಟಿನ ಮುಂದೆ ನಿಂತು ಕೈಗೆ ಸಿಕ್ಕಿದ್ದು ಎಳೆಯುತ್ತಾರೆ. ಮೇಲಿನ ಹಲಗೆಗೆ ಕೈ ಎಟುಕದ ಹುಡುಗಿಗೆ, ಊರಿಂದ ಬರಲಾಗದೆ ಹೆಸರು ಹೇಳಿ ಕಳಿಸುವ ಮುದುಕಿಗೆ ಮಾತ್ರ ಸೂಚಿ ಬೇಕಾಗುವುದು.

ಆ ಗ್ರಂಥಾಲಯದಲ್ಲಿರುವ ತಂತ್ರಾಂಶದ ಹೆಸರು ಕೊಹಾ. ದುಡ್ಡು ಕೊಟ್ಟು ಕೊಂಡದ್ದಲ್ಲ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಸೀಮೆಯ ಗ್ರಂಥಾಲಯದವರಿಗೆ 1999ರಲ್ಲಿ, ತಮ್ಮ ಹಳೆಯ ವ್ಯವಸ್ಥೆ 2000ನೆಯ ಇಸವಿ ದಾಟುವುದಿಲ್ಲ ಎಂಬ ಭಯ ಬಂತು. ಹೊಸದನ್ನು ಬರೆಸಿಕೊಂಡು, ಬೇಕಾದವರು ಬಳಸಿ ಎಂದು ಲೋಕಕ್ಕೇ ಬಿಟ್ಟುಕೊಟ್ಟರು. ಕೊಹಾ ಎಂದರೆ ಅಲ್ಲಿನ ಮಾವೊರಿ ಜನರ ಮಾತಿನಲ್ಲಿ ಉಡುಗೊರೆ. ಬರಿಯ ಉಡುಗೊರೆಯಲ್ಲ, ಪಡೆದವರು ಮುಂದೆ ಯಾವಾಗಲಾದರೂ ತಿರುಗಿ ಕೊಡಬೇಕಾದದ್ದು. ನಮ್ಮ ಮದುವೆಮನೆಯ ಮುಯ್ಯಿ ಎನ್ನಿ. ಹಾಗಾದರೆ ನಾವು ತಿರುಗಿ ಮಾಡಬೇಕಾದ ಮುಯ್ಯಿ ಏನು? ನಮ್ಮ ಪಾಲಿನ ಪುಸ್ತಕಗಳನ್ನಾದರೂ ತಪ್ಪಿಲ್ಲದೆ ತುಂಬುವುದು ಎಂದು ಆ ಹುಡುಗಿಗೆ ಹೇಳಿದೆ.

ಅದರೊಳಗೆ ಪ್ರತಿಯೊಂದು ವಿವರಕ್ಕೂ ಒಂದು ನಂಬರಿನ ಕೋಣೆಯಿದೆ. ಲೇಖಕರ ಹೆಸರಿಗೆ 100, ಪುಸ್ತಕದ ಹೆಸರಿಗೆ 245, ವಿಷಯಕ್ಕೆ 650. ಈ ಕೋಣೆಗಳನ್ನು ಕಟ್ಟಿದವರು ಯಾರು ಗೊತ್ತೇ? ಹೆನ್ರಿಯೆಟ್ ಅವ್ರಾಮ್ ಎಂಬ ಹೆಣ್ಣುಮಗಳು, ಮೂರು ಮಕ್ಕಳ ತಾಯಿ. ಗ್ರಂಥಾಲಯ ಶಾಸ್ತ್ರ ಓದಿದವರಲ್ಲ, ಕಂಪ್ಯೂಟರಿಗೆ ಲೆಕ್ಕ ಬರೆಯುತ್ತಿದ್ದವರು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ, ಚೀಟಿಯ ಮೇಲಿದ್ದುದನ್ನು ಯಂತ್ರ ಓದುವಂತೆ ಮಾಡುವ 'ಮಾರ್ಕ್' ಎಂಬ ಕ್ರಮವನ್ನು ಅವರ ನೇತೃತ್ವದಲ್ಲಿ ರೂಪಿಸಿದರು. ಅಡುಗೆಮನೆಯಲ್ಲಿ ಸಾಸಿವೆಗೊಂದು, ಜೀರಿಗೆಗೊಂದು, ಮೆಂತ್ಯಕ್ಕೊಂದು ಡಬ್ಬಿ ಇಟ್ಟು, ಕತ್ತಲಲ್ಲೂ ಕೈ ಅದರ ಮೇಲೇ ಹೋಗುವಂತೆ ಮಾಡಿಕೊಂಡಿರುವ ನಮಗೆ ಈ ಕೆಲಸ ಕಷ್ಟವೆನ್ನುವವರ ಮಾತು ನಾನು ಒಪ್ಪುವುದಿಲ್ಲ.

ನಾನೂ ಆ ಹುಡುಗಿಯೂ ಆ ಚಳಿಗಾಲದ ಭಾನುವಾರಗಳನ್ನೆಲ್ಲ ಅಲ್ಲೇ ಕಳೆದೆವು. ಕಲಿತದ್ದನ್ನು ಹೇಳುತ್ತೇನೆ. ಶಾಲೆ, ಮಹಿಳಾ ಸಮಾಜ, ಪಂಚಾಯತಿಯ ಅರಿವು ಕೇಂದ್ರ ಎಲ್ಲಾದರೂ ನಿಮ್ಮ ಕೈಗೆ ಈ ಕೆಲಸ ಬಂದೀತು.

ರಟ್ಟಿನ ಮೇಲಿನ ಹೆಸರು ನೋಡಿ ಬರೆಯಬೇಡಿ, ಒಳಗಿನ ಹೆಸರುಪುಟ ನೋಡಿ ಬರೆಯಿರಿ. ರಟ್ಟು ಹರಿದು ಬೈಂಡು ಮಾಡಿಸಿದಾಗ ಬೈಂಡಿನವರು ಬರೆದ ಹೆಸರಿಗೆ ಬೆಲೆಯಿಲ್ಲ. ಬರೆಯುವ ಮೊದಲು, ಇದೇ ಪುಸ್ತಕ ಆಗಲೇ ಒಳಗಿದೆಯೋ ಎಂದು ಹುಡುಕಿ. ಐದು ಪ್ರತಿ ಇದ್ದರೆ ಐದು ಸಲ ತುಂಬುವುದು ನಾವೆಲ್ಲ ಮಾಡುವ ತಪ್ಪು. ಪುಸ್ತಕದ ವಿವರ ಒಂದೇ ಸಲ, ಪ್ರತಿಗಳನ್ನು ಅದರ ಕೆಳಗೆ ಸೇರಿಸುತ್ತ ಹೋಗಬೇಕು. ಮರ ಒಂದು, ಕಾಯಿ ಐದು. ಹರಿದು ಹೋಗಿ ತೆಗೆದುಹಾಕಿದ ಪುಸ್ತಕದ ಕ್ರಮಸಂಖ್ಯೆಯನ್ನು ಹೊಸದಕ್ಕೆ ಕೊಡಬಾರದು, ಎಷ್ಟೇ ಅಂದವಾಗಿ ಕಂಡರೂ. ಹಿಂದಿನವರು ಹಳೆಯ ನುಡಿ ಅಕ್ಷರದಲ್ಲಿ ಪಟ್ಟಿ ಮಾಡಿದ್ದರೆ ಅದನ್ನು ಯೂನಿಕೋಡಿಗೆ ತಿರುಗಿಸದೆ ಸೇರಿಸಿದರೆ ಬರೀ ಚಿತ್ರಾನ್ನ. ವಿಷಯದ ಕೋಣೆಯಲ್ಲಿ 'ಇತರೆ' ಎಂದು ಮಾತ್ರ ಬರೆಯಬೇಡಿ. ಆ ಗ್ರಂಥಾಲಯದ 'ಇತರೆ'ಯಲ್ಲಿ ಏನೇನಿತ್ತು ಗೊತ್ತೇ? ಬಾಣಂತಿ ಆರೈಕೆ, ಹಸೆ ಹಾಡು, ರಂಗೋಲಿ, ಉಪ್ಪಿನಕಾಯಿ. ಕ್ರಿಕೆಟ್ಟಿಗೆ ಬೇರೆಯೇ ವಿಭಾಗವಿತ್ತು.

ಆದರೆ ಹೆಚ್ಚು ಹೊತ್ತು ಹಿಡಿದದ್ದು ಹೆಸರುಗಳ ಕೆಲಸ. ಇದು ರಂಗನಾಥನ್ನರನ್ನೂ ಕಾಡಿದ ತೊಡಕೇ. ಅವರ ಹೆಸರನ್ನೇ ತೆಗೆದುಕೊಳ್ಳಿ. ಶಿಯಾಳಿ ಊರು, ರಾಮಾಮೃತ ತಂದೆ, ರಂಗನಾಥನ್ ತಾವು. ಕೊನೆಯ ಹೆಸರು ಮನೆತನದ್ದು ಎಂಬ ಪಶ್ಚಿಮದ ಲೆಕ್ಕ ನಮಗೆ ಹೊಂದುವುದಿಲ್ಲ. ಬೇಂದ್ರೆ ಮನೆತನ, ಭೈರಪ್ಪ ಇಟ್ಟ ಹೆಸರು, ಮಾಸ್ತಿ ಊರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ.ಶ್ರೀಕಂಠಯ್ಯನವರು ಒಂದು ಕಡೆ, ಬೆಳ್ಳೂರಿನ ಬಿ.ಎಂ.ಶ್ರೀಕಂಠಯ್ಯನವರು ಇನ್ನೊಂದು ಕಡೆ. ಇಬ್ಬರ ಪುಸ್ತಕಗಳನ್ನೂ 'ಶ್ರೀಕಂಠಯ್ಯ' ಎಂದಷ್ಟೇ ಬರೆದು ಒಬ್ಬರನ್ನೇ ಮಾಡಿಟ್ಟಿದ್ದರು. ನಮ್ಮ ಸೀಮೆಯ ದೊಡ್ಡ ವಿದ್ವಾಂಸರ 'ಭಾರತೀಯ ಕಾವ್ಯಮೀಮಾಂಸೆ' ಹೀಗೆ ಬೇರೆಯವರ ಖಾತೆಗೆ ಜಮೆಯಾಗಿತ್ತು.

ಗಂಡಸರ ಹೆಸರೇ ಇಷ್ಟು ತೊಡಕಾದರೆ, ಹೆಂಗಸರದನ್ನು ಕೇಳಬೇಕೆ? ಎಂ.ಕೆ. ಎಂದರೆ ಮಂಡಗದ್ದೆ ಕೃಷ್ಣರಾವ್, ಗಂಡನ ಮನೆಯ ಅಕ್ಷರಗಳು. ಹುಟ್ಟಿನಿಂದ ಆಕೆ ತರೀಕೆರೆ ಸೂರ್ಯನಾರಾಯಣರಾಯರ ಮಗಳು. ಹನ್ನೆರಡನೆಯ ವಯಸ್ಸಿಗೆ ಮದುವೆ. ನಲವತ್ತೈದು ದಾಟಿದ ಮೇಲೆ, 1963ರಲ್ಲಿ, 'ತುಂಗಭದ್ರ' ಬಂತು. 1976ರಲ್ಲಿ 'ಫಣಿಯಮ್ಮ'. ತ್ರಿವೇಣಿ ಎಂದು ನಾವೆಲ್ಲ ಹಾಸಿಗೆಯ ಕೆಳಗೆ ಬಚ್ಚಿಟ್ಟು ಓದಿದ ಲೇಖಕಿ ಅನಸೂಯಾ ಶಂಕರ್. ವಾಣಿ ಎಂದರೆ ಬಿ.ಎನ್.ಸುಬ್ಬಮ್ಮ. ಡಾಕ್ಟರಾಗಿದ್ದ ಅನುಪಮಾ ನಿರಂಜನ ಹುಟ್ಟಿದ್ದು ವೆಂಕಟಲಕ್ಷ್ಮಿಯಾಗಿ. ಅನುಪಮಾ ಕಾವ್ಯನಾಮ, ನಿರಂಜನ ಗಂಡನ ಹೆಸರೂ ಅಲ್ಲ, ಗಂಡನ ಕಾವ್ಯನಾಮ! ಅವರ ಮಗಳು ತೇಜಸ್ವಿನಿ ನಿರಂಜನ ಅವರೇ 'ಫಣಿಯಮ್ಮ'ನನ್ನು ಇಂಗ್ಲಿಷಿಗೆ ತಂದದ್ದು. ಹೀಗೆ ತಾಯಿಯ ಕಾವ್ಯನಾಮ ಅಲ್ಲಿಗೇ ನಿಂತು, ತಂದೆಯದು ಮನೆತನದ ಹೆಸರಾಗಿ ಇಳಿದು ಬಂತು.

ಕೊಡಗಿನ ಗೌರಮ್ಮನವರ ಕತೆ ಇನ್ನೂ ಮನಸ್ಸಿಗೆ ನಾಟುವಂಥದು. 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಆಕೆ ಬದುಕಿದ್ದಾಗ ಬರೆದದ್ದು 'ಮಿಸೆಸ್ ಬಿ.ಟಿ.ಜಿ.ಕೃಷ್ಣ' ಎಂಬ ಹೆಸರಿನಲ್ಲಿ. ಹಳೆಯ ಸಂಚಿಕೆಯೊಂದರಲ್ಲಿ ಈ ಹೆಸರು ಕಂಡು ಅದನ್ನೇ ಬರೆದು ಮುಗಿಸಿದ ಸೂಚಿಯಲ್ಲಿ ಗೌರಮ್ಮ ಎಲ್ಲಿ ಸಿಗುತ್ತಾಳೆ? ಯಾರೋ ಕೃಷ್ಣ ಎಂಬುವರ ಹೆಂಡತಿಯಾಗಿ ಉಳಿದುಬಿಡುತ್ತಾಳೆ. ಇನ್ನು, ಹೆಂಗಸರ ಪತ್ರಿಕೆಯನ್ನೇ ನಡೆಸಿ, 'ಸತೀಹಿತೈಷಿಣಿ' ಹೆಸರಿನಲ್ಲಿ ಪುಸ್ತಕಗಳನ್ನು ಹೊರತಂದ ನಂಜನಗೂಡು ತಿರುಮಲಾಂಬ ಅವರು 1887ರಿಂದ 1982ರವರೆಗೆ ಬದುಕಿದ್ದರೂ, ಬದುಕಿರುವಾಗಲೇ ಮರೆತುಹೋಗಿದ್ದರು. ಆಮೇಲಿನ ತಲೆಮಾರಿನ ಲೇಖಕಿಯರು ಅವರನ್ನು ಹುಡುಕಿ ತೆಗೆಯಬೇಕಾಯಿತು. 'ನ'ದಲ್ಲಿ ಹುಡುಕಬೇಕೋ 'ತಿ'ಯಲ್ಲೋ ಎನ್ನುವುದು ಸಣ್ಣ ಪ್ರಶ್ನೆಯಲ್ಲ.

ಇದಕ್ಕೆ ಸೂಚಿಯಲ್ಲಿ ಮದ್ದಿದೆ. ಹಳೆಯ ಚೀಟಿಗಳ ಕಾಲದಲ್ಲಿ 'ಅನಸೂಯಾ ಶಂಕರ್ — ತ್ರಿವೇಣಿ ನೋಡಿ' ಎಂದು ಒಂದು ಅಡ್ಡಚೀಟಿ ಬರೆದಿಡುತ್ತಿದ್ದರು. ಕೊಹಾದಲ್ಲಿ ಲೇಖಕರಿಗೆಂದೇ ಪ್ರತ್ಯೇಕ ಕಡತವಿದೆ. ಅದರ 100ರ ಕೋಣೆಯಲ್ಲಿ ಒಪ್ಪಿದ ಹೆಸರು, 400ರ ಕೋಣೆಯಲ್ಲಿ ಉಳಿದ ಹೆಸರುಗಳೆಲ್ಲ. ಯಾವ ಹೆಸರಿನಿಂದ ಕೂಗಿದರೂ ಅದೇ ಹೆಣ್ಣುಮಗಳು ಓಗೊಡಬೇಕು. ನಾವು ಈ ಕಡತ ತೆರೆದಾಗ ಎಂ.ಕೆ.ಇಂದಿರಾ ಅವರು ನಾಲ್ಕು ಜನ ಲೇಖಕಿಯರಾಗಿದ್ದರು. ಒಂದರಲ್ಲಿ ಅಂಕಿಯ ಸೊನ್ನೆ, ಒಂದರಲ್ಲಿ ಕೊನೆಗೆ ದೀರ್ಘವಿಲ್ಲ, ಒಂದರಲ್ಲಿ ಚುಕ್ಕಿಯ ನಂತರ ಜಾಗ, ಒಂದರಲ್ಲಿ ಇಂಗ್ಲಿಷ್ ಅಕ್ಷರ. ನಾಲ್ವರನ್ನೂ ಸೇರಿಸಿ ಒಬ್ಬರನ್ನಾಗಿ ಮಾಡಿದ ಸಂಜೆ ಹುಡುಗಿ ಕಾಫಿ ತರಿಸಿದಳು.

ಪುಸ್ತಕವೇ? ಕೆಳಗಿನ ಹಲಗೆಯಲ್ಲಿ, ಕೆಂಪು ಕ್ಯಾಲಿಕೋ ಬೈಂಡಿನಲ್ಲಿ, ಬೆನ್ನಿನ ಮೇಲೆ ಹೆಸರಿಲ್ಲದೆ ಇತ್ತು. ತೆರೆದರೆ ಹೆಸರುಪುಟದ ಮೇಲ್ಮೂಲೆಯಲ್ಲಿ ಚಿಕ್ಕಮ್ಮನ ದುಂಡು ಅಕ್ಷರ. ತಮ್ಮ ಹೆಸರು, ಮುಂದೆ ತವರಿನ ಊರಿನ ಅಕ್ಷರ, ತಾತನ ಹೆಸರಿನ ಅಕ್ಷರ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಕೊಂಡ ಪುಸ್ತಕದ ಮೇಲೂ ಹಾಗೆಯೇ ಬರೆದುಕೊಂಡಿದ್ದರು. ನಾನು ದಾಸ್ತಾನು ಪುಸ್ತಕವನ್ನು ಮತ್ತೆ ಎಳೆದುಕೊಂಡೆ. 'ದಾನಿಗಳು' ಎಂಬ ಕಲಮಿನಲ್ಲಿ ಮೂವತ್ತೇಳು ಪುಸ್ತಕಗಳ ಎದುರಿಗೂ ಚಿಕ್ಕಪ್ಪನ ಹೆಸರಿತ್ತು. ಮೊದಲ ಸಾಲಿನಲ್ಲಿ ಪೂರ್ತಿ, ಉಳಿದ ಮೂವತ್ತಾರು ಸಾಲಿಗೂ 'ಅದೇ' ಎಂಬ ಗುರುತು. ಚಿಕ್ಕಪ್ಪ ಒಳ್ಳೆಯವರು, ತೀರಿಕೊಂಡು ಆರು ವರ್ಷವಾಯಿತು. ಕೊಬ್ಬರಿಯ ಧಾರಣೆ ಬಿಟ್ಟು ಬೇರೇನನ್ನೂ ಓದಿದವರಲ್ಲ.

"ದಾನಿಯ ಹೆಸರು ಹಾಕೋಕೆ ಕೋಣೆ ಇದೆಯೇನಮ್ಮ?" ಎಂದೆ.

"ಇದೆ ಮಿಸ್. 541. ಪುಸ್ತಕ ಯಾರಿಂದ ಬಂತು ಅಂತ ಬರೆಯೋದು. ಅದು ಇಲ್ಲಿ ಯಾರೂ ತುಂಬೇ ಇಲ್ಲ."

ಮೂವತ್ತೇಳರಲ್ಲಿ ಇಪ್ಪತ್ತೊಂಬತ್ತು ಸಿಕ್ಕವು. ಒಂದೊಂದರ ಹೆಸರುಪುಟವನ್ನೂ ತೆರೆದು, ಚಿಕ್ಕಮ್ಮ ಬರೆದುಕೊಂಡಿದ್ದಂತೆಯೇ ಅವರ ಹೆಸರನ್ನು ಆ ಕೋಣೆಯಲ್ಲಿ ತುಂಬಿಸಿದೆ. ಅವರ ಹೆಸರಿನಲ್ಲೂ ಒಂದು ಸೊನ್ನೆಯಿದೆ. ಹುಡುಗಿ ಪ್ರತಿ ಸಲವೂ ನನ್ನ ಮುಖ ನೋಡಿ, ಸರಿಯಾದ ಕೀಲಿಯನ್ನೇ ಒತ್ತಿದಳು.

ಮನೆಗೆ ತಂದುಕೊಟ್ಟಾಗ ಚಿಕ್ಕಮ್ಮ ಮೊದಲು ಮೇಲ್ಮೂಲೆಯನ್ನು ನೋಡಿದರು, ಹೆಬ್ಬೆರಳಿನಿಂದ ಒಮ್ಮೆ ಸವರಿದರು. ನಡೆದದ್ದನ್ನೆಲ್ಲ ಹೇಳಿದೆ. ಇದನ್ನು ಬರೆಯುತ್ತೇನೆ ಎಂದೆ.

"ಬರಿ. ನನ್ನ ಹೆಸರು ಮಾತ್ರ ಹಾಕಬೇಡ ಕಣೇ, ನೆಂಟರಿಷ್ಟರು ಏನಂದುಕೊಂಡಾರು" ಎಂದರು.

ಅದಕ್ಕೇ ಇಲ್ಲಿ ಹಾಕಿಲ್ಲ. ಬೇಕಾದವರು ಆ ಗ್ರಂಥಾಲಯಕ್ಕೇ ಹೋಗಿ ಹುಡುಕಬೇಕು. ಈಗ ಸಿಗುತ್ತದೆ. ಚಿಕ್ಕಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿ, ದಿಂಬಿಗೆ ಒರಗಿ, ಮೊದಲ ಪುಟದಿಂದ ಶುರು ಮಾಡಿದರು. ರಾತ್ರಿ ಊಟಕ್ಕೆ ಎರಡು ಸಲ ಕರೆದೆ, ಬರಲಿಲ್ಲ.